ಬ್ಯಾಡ್ಮಿಂಟನ್ ಇಂಗ್ಲಿಷಿನಲ್ಲಿ ಬೀಗರ ಸತ್ಕಾರ

ಹೆಣ್ಣು ಹೆತ್ತ ತಂದೆಗೆ ಬೀಗಿತ್ತಿಯ ಜೊತೆ ಮಾತಾಡಲು ಬರುವುದಿಲ್ಲ ಎಂದರೆ ನಾಲ್ಕು ಜನ ಏನೆಂದಾರು? ಅದೂ ಯಾರಿಗೆ? ಈ ಪಾರ್ತೊನೊನಿಗೆ! ನಮ್ಮೂರು ಯೋಗ್ಯಕಾರ್ತದಲ್ಲಿ ಇಡೀ ಆಯುಷ್ಯ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಬರುವ ರೈಲು ಹೋಗುವ ರೈಲುಗಳನ್ನು ಘೋಷಿಸಿ, ಬರೀ ಗಂಟಲಿನಿಂದಲೇ ಸಂಸಾರ ಸಾಕಿದ ಮಹಾಪುರುಷನಿಗೆ! (ಆ ಕೆಲಸದ ದೊಡ್ಡ ಸುಖವೆಂದರೆ ಯಾರೂ ತಿರುಗಿ ಮಾತಾಡುವುದಿಲ್ಲ. ಆ ಸುಖ ಮನೆಯಲ್ಲಿ ನನಗೆ ಒಂದು ದಿನವೂ ಸಿಕ್ಕಿಲ್ಲ.)

ವಿಷಯ ಇಷ್ಟು. ನನ್ನ ಒಬ್ಬಳೇ ಮಗಳು ಲಾರಸ್, ಗಮೆಲಾನ್ ವಾದ್ಯ ಕಲಿಯಲು ನಮ್ಮೂರಿಗೆ ಬಂದಿದ್ದ ಡೆನ್ಮಾರ್ಕಿನ ಹುಡುಗ ರಾಸ್ಮುಸ್‌ನನ್ನು ಮೆಚ್ಚಿಕೊಂಡಳು. ಹುಡುಗ ಒಳ್ಳೆಯವನು, ಬಾಗಿಲಲ್ಲಿ ತಲೆ ತಗ್ಗಿಸುವಷ್ಟು ವಿನಯವಂತ. (ತಗ್ಗಿಸದಿದ್ದರೆ ತಲೆ ಒಡೆಯುತ್ತದೆ, ಅಷ್ಟು ಎತ್ತರ.) ಅವನ ತಾಯಿ ಬಂದು ಹೆಣ್ಣು ಕೇಳುವುದೆಂದು ನಿಶ್ಚಯವಾಯಿತು. ನಮ್ಮಲ್ಲಿ ಗಂಡಿನ ಕಡೆಯ ಹಿರಿಯರು ಕೇಳಬೇಕು, ಹೆಣ್ಣಿನ ತಂದೆ ಉತ್ತರ ಕೊಡಬೇಕು. ಅಲ್ಲಿಯವರೆಗೆ ಹುಡುಗ, ಹುಡುಗಿ ತುಟಿ ಬಿಚ್ಚುವಂತಿಲ್ಲ.

"ಅಪ್ಪಾ, ನನ್ನ ಗೆಳತಿ ಬಂದು ಇಂಗ್ಲಿಷಿಗೆ ತಿರುಗಿಸಿ ಹೇಳ್ತಾಳೆ" ಎಂದಳು ಲಾರಸ್.

"ಮಗಳನ್ನ ಕೊಡೋ ಮಾತನ್ನ ಬಾಡಿಗೆ ಬಾಯಲ್ಲಿ ಆಡಿಸ್ಲಾ? ನಾನೇ ಇಂಗ್ಲಿಷ್ ಕಲಿತೀನಿ!"

"ಅಯ್ಯೋ, ನಮ್ಮ ಭಾಷೇಲೇ ಕೇಳಿದ್ದಕ್ಕೆ ನೀವು ನೆಟ್ಟಗೆ ಉತ್ತರ ಕೊಟ್ಟಿದ್ದು ನಾನು ಕಾಣೆ" ಎಂದಳು ನನ್ನ ಹೆಂಡತಿ ಮುರ್ಯಾತಿ. ಅವಳು ಪೇಟೆಯಲ್ಲಿ ಬಾತಿಕ್ ಬಟ್ಟೆ ಮಾರುವವಳು. ಸಂಜೆ ಮನೆಗೆ ಬಂದು ಗಂಟು ಇಳಿಸಿದ ಮೇಲೆಯೇ ಅವಳ ನಾಲಿಗೆಗೆ ಚುರುಕು ಹೆಚ್ಚು.

ನನಗೆ ಗುರು ಸಿಕ್ಕಿದ್ದು ಟಿವಿಯಲ್ಲಿ. ನಮ್ಮ ದೇಶದಲ್ಲಿ ಬ್ಯಾಡ್ಮಿಂಟನ್ ಎಂದರೆ ಪೂಜೆ. ಅದರ ಇಂಗ್ಲಿಷ್ ಕಾಮೆಂಟರಿ ಕೇಳಿದ ಕ್ಷಣ ನನಗೆ ರೋಮಾಂಚನವಾಯಿತು. ಕಾಣದ ಒಬ್ಬ ಮನುಷ್ಯ ಮೈಕಿನ ಮುಂದೆ ಕೂತು ಮಾತಾಡುತ್ತಾನೆ, ಯಾರೂ ತಿರುಗಿ ಮಾತಾಡುವುದಿಲ್ಲ! ಇವನು ನನ್ನ ಕುಲಬಾಂಧವನೇ ಸರಿ. ಅಂದಿನಿಂದ ಬೆಳಗ್ಗೆ ಸಂಜೆ ಅವನು ಹೇಳಿದ್ದನ್ನು ನಾನು ಹೇಳಿದೆ. ಅಭ್ಯಾಸಕ್ಕೆ ಆಟಗಾರರು ಬೇಕಲ್ಲ? ಅಡುಗೆಮನೆಯಲ್ಲಿ ಒಬ್ಬಳು ಇದ್ದಳು.

ಒಂದು ದಿನ ಅವಳ ಕೈಯಿಂದ ಮೊಟ್ಟೆ ಜಾರಿ ಬಿತ್ತು. "ಓಹ್! ಅನ್‌ಫೋರ್ಸ್ಡ್ ಎರರ್!" ಎಂದು ಕೂಗಿದೆ.

"ಹಂಗಂದ್ರೇನು? ಬೈಗುಳಾನಾ?"

"ಛೆ ಛೆ! ಯಾರ ಬಲವಂತವೂ ಇಲ್ಲದೆ ನಮಗೆ ನಾವೇ ಮಾಡ್ಕೊಂಡ ತಪ್ಪು ಅಂತ."

ಅವಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ನಿಮ್ಮನ್ನ ಕಟ್ಕೊಂಡಿದ್ದು ಅದರಲ್ಲಿ ಬರಲ್ಲ ಬಿಡಿ. ಅದು ನಮ್ಮಪ್ಪನ ಬಲವಂತ."

ತಿಂಗಳು ತುಂಬುವಷ್ಟರಲ್ಲಿ ನನ್ನ ಇಂಗ್ಲಿಷ್ ಎಷ್ಟು ಪ್ರಚಂಡವಾಯಿತೆಂದರೆ ಪಕ್ಕದ ಮನೆಯವರು ಕಿಟಕಿ ಮುಚ್ಚತೊಡಗಿದರು. ಲಾರಸ್ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದಳು. ಬೀಗಿತ್ತಿ ಬರುವ ಹಿಂದಿನ ದಿನ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡಳು.

"ಅಪ್ಪಾ, ನಿನ್ನ ದಮ್ಮಯ್ಯ. ಅವರಮ್ಮ ಕೇಳಿದಾಗ 'ಯೆಸ್' ಅನ್ನು. ಒಂದೇ ಪದ, ಸಾಕು. ನನ್ನ ಬಾಳು ನಿನ್ನ ಬಾಯಲ್ಲಿದೆ."

"ಕೇಳಿದ ತಕ್ಷಣ ಹೂಂ ಅನ್ನೋಕೆ ನಾವೇನು ಮಗಳನ್ನ ದಾಟಿಸಿಬಿಡೋಕೆ ಕಾಯ್ತಿದ್ದೀವಾ? ಮೊದಲು ನನ್ನ ಮಗಳು ದಡ್ಡಿ, ಏನೂ ಬರಲ್ಲ ಅಂತ ನಾನು ತಗ್ಗಿ ಹೇಳ್ಬೇಕು. ಇಲ್ಲ ಇಲ್ಲ, ಬಂಗಾರದಂಥ ಹುಡುಗಿ ಅಂತ ಅವರು ಹೇಳ್ಬೇಕು. ಆಮೇಲೆ ಒಪ್ಪಿಗೆ. ಮರ್ಯಾದಸ್ಥರ ಪದ್ಧತಿ ಅದು" ಎಂದೆ. ಅವಳು ಎದ್ದು ಹೋಗಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡೆ.

ಮರುದಿನ ಬೆಳಗ್ಗೆ ಹತ್ತಕ್ಕೆ ಬೀಗಿತ್ತಿ ಬಂದರು. ಹೆಸರು ಕಿರ್ಸ್ಟನ್, ಹಲ್ಲಿನ ಡಾಕ್ಟರು, ಮಗನಷ್ಟೇ ಎತ್ತರ. ಬಾಗಿಲ ಪಟ್ಟಿಗೆ ಹಣೆ ಢಣ್ ಎಂದಿತು.

"ಇನ್‌ಟು ದಿ ನೆಟ್!" ಎಂದು ಬಾಯಿ ತಾನಾಗಿಯೇ ಹೇಳಿತು. ಕೂಡಲೇ ಸಾವರಿಸಿಕೊಂಡು ಎದೆ ಸೆಟೆಸಿ ಸ್ವಾಗತಿಸಿದೆ. "ಗುಡ್ ಈವ್ನಿಂಗ್! ವೆಲ್‌ಕಮ್ ಟು ದಿ ಫೈನಲ್!"

ಆಕೆ ಹಣೆ ಉಜ್ಜಿಕೊಳ್ಳುತ್ತ ಕಿಟಕಿಯಾಚೆ ಸೂರ್ಯನನ್ನು ನೋಡಿದರು. ಆಮೇಲೆ ಕೂತು ನನ್ನ ಬಾಯನ್ನೇ ದಿಟ್ಟಿಸತೊಡಗಿದರು. ನನ್ನ ಉಚ್ಚಾರಣೆಗೆ ಮಾರುಹೋದರೆಂದು ನಾನು ಬೀಗಿದೆ. (ಹುಳುಕು ದವಡೆ ಹಲ್ಲು ಎಣಿಸುತ್ತಿದ್ದರಂತೆ.)

ಚಹಾ ಬಂತು, ಅಂಟಕ್ಕಿಯ ಸಿಹಿ ಬಂತು. ಮನೆಯ ಯಜಮಾನ ತೆಗೆದುಕೊಳ್ಳಿ ಎನ್ನದೆ ನಮ್ಮಲ್ಲಿ ಅತಿಥಿಗಳು ಲೋಟ ಮುಟ್ಟುವುದಿಲ್ಲ. ರಾಸ್ಮುಸ್ ಅದನ್ನು ತಾಯಿಗೆ ಚೆನ್ನಾಗಿ ಅರೆದು ಕುಡಿಸಿದ್ದ. ಆಕೆ ಕಾದರು. ನಾನು ತಡಕಾಡಿದೆ. ಅಯ್ಯೋ ದೇವರೇ, ತೆಗೆದುಕೊಳ್ಳಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಬ್ಯಾಡ್ಮಿಂಟನ್ನಿನಲ್ಲಿ ಯಾರೂ ಯಾರಿಗೂ ಏನನ್ನೂ ತೆಗೆದುಕೊಳ್ಳಿ ಅನ್ನುವುದಿಲ್ಲ! ಹೇಗಿದ್ದೀರಿ ಎಂದು ಕೇಳುವುದಿಲ್ಲ, ಪ್ರಯಾಣ ಸುಖವಾಯಿತೇ ಅನ್ನುವುದಿಲ್ಲ. ಇಷ್ಟು ದಿನ ನಾನು ಕಲಿತದ್ದೆಲ್ಲ ಇನ್ನೊಬ್ಬರ ತಪ್ಪು ಎತ್ತಿ ಆಡುವ ಇಂಗ್ಲಿಷ್. ಚಹಾದ ಮೇಲೆ ಕೆನೆ ಕಟ್ಟಿತು. ಸಿಹಿಯ ಮೇಲೆ ಕೂತ ನೊಣವೊಂದೇ ನಮ್ಮ ಸತ್ಕಾರ ಸ್ವೀಕರಿಸಿತು.

"ಶಿ ಈಸ್ ಅಂಡರ್ ಪ್ರೆಶರ್" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

ಕೊನೆಗೆ ಕಿರ್ಸ್ಟನ್ ಒಣಗಿದ ಗಂಟಲು ಸರಿಮಾಡಿಕೊಂಡು ಎದ್ದರು. ಲಾರಸ್‌ಳ ಕಡೆ ಕೈ ತೋರಿಸಿ, ಮಗನ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ ಒಂದೊಂದೇ ಪದ ಬಿಡಿಸಿ ಹೆಣ್ಣು ಕೇಳಿದರು. ಮಾತು ಅರ್ಥವಾಗದಿದ್ದರೂ ಕೈ ಅರ್ಥವಾಯಿತು. ಲಾರಸ್ ನನ್ನನ್ನೇ ನೋಡುತ್ತಿದ್ದಳು. 'ಯೆಸ್' ಎಂದು ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಆದರೆ ಮರ್ಯಾದೆ? ಮೊದಲು ತಗ್ಗಿ ಹೇಳಬೇಡವೇ?

ನಿಲ್ದಾಣದ ಕಂಠ ತೆಗೆದೆ. "ಲಾರಸ್! ಪೂರ್ ಡಿಫೆನ್ಸ್! ವೆರಿ ಸ್ಲೋ! ನೋ ಬ್ಯಾಕ್‌ಹ್ಯಾಂಡ್ ಅಟ್ ಆಲ್!"

ಇಲ್ಲ ಇಲ್ಲ, ಬಂಗಾರದಂಥ ಹುಡುಗಿ ಎಂದು ಆಕೆ ಹೇಳಲೆಂದು ಕಾದೆ. ಆಕೆ ಬಿಳಿಚಿಕೊಂಡು ಮಗನನ್ನು ನೋಡಿದರು. ರಾಸ್ಮುಸ್ ನೆಲ ನೋಡಿದ. ಸಾಲದೆಂದುಕೊಂಡು ಇನ್ನೂ ತಗ್ಗಿದೆ. "ಲೂಸಿಂಗ್! ಲೂಸಿಂಗ್ ಬ್ಯಾಡ್ಲಿ!"

ಲಾರಸ್‌ಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಕಿರ್ಸ್ಟನ್ ಕೈಚೀಲ ಎತ್ತಿಕೊಂಡರು. ಮಗಳ ಬಾಳು ನನ್ನ ಕಣ್ಣೆದುರೇ ಎದ್ದು ಹೊರಟಿದೆ, ನನ್ನ ಬಾಯಿಗೆ ಬೇಕಾದ ಒಂದು ಪದ ಬಿಟ್ಟು ಬೇರೆಲ್ಲ ಬರುತ್ತಿದೆ! ಗಾಬರಿಯಲ್ಲಿ ಕೈಯೆತ್ತಿ ಕಿರುಚಿದೆ. "ವೇಟ್! ವೇಟ್ ಫಾರ್ ದಿ ಅಂಪೈರ್!"

ಅಂಪೈರ್ ಯಾರೆಂದು ಬೀಗಿತ್ತಿಗೆ ಗೊತ್ತಿರಲಿಲ್ಲ. ಆದರೆ ಲಾರಸ್ ಅಡುಗೆಮನೆಯ ಪರದೆಯ ಕಡೆ ತಿರುಗಿದಳು, ರಾಸ್ಮುಸ್ ತಿರುಗಿದ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ತಿರುಗಿದೆ. ಪರದೆ ಸರಿಯಿತು. ಮುರ್ಯಾತಿ ಬಿಸಿ ಚಹಾದ ತಟ್ಟೆ ಹಿಡಿದು ಬಂದಳು.

"ಏನ್ರೀ, ಬಂದವರನ್ನ ಒಣಗಿಸಿ ಸಾಯಿಸ್ತೀರಾ?" ಎಂದು ನನ್ನನ್ನು ಮೊಣಕೈಯಿಂದ ತಳ್ಳಿ, ಬೀಗಿತ್ತಿಯ ಕೈಗೆ ಲೋಟ ಕೊಟ್ಟಳು. "ಯೆಸ್, ಮೇಡಂ. ಯೆಸ್. ಪ್ಲೀಸ್ ಡ್ರಿಂಕ್."

ನಾನು ಬಾಯಿ ತೆರೆದು ನಿಂತೆ. ಪೇಟೆಗೆ ಬರುವ ಪರದೇಶದವರಿಗೆ ಬಾತಿಕ್ ಮಾರುತ್ತ ಅವಳು ಆಡಿ ಆಡಿ ಕಲಿತ ಇಂಗ್ಲಿಷ್ ಅದು. ಮಗಳನ್ನು ಮುಂದಕ್ಕೆ ಎಳೆದು, ಪೇಟೆಯಲ್ಲಿ ಬಾತಿಕ್ ಹರವಿ ತೋರಿಸುವ ಹಾಗೆ ಅವಳ ತೋಳು ನೇವರಿಸಿ, "ಗುಡ್ ಗರ್ಲ್! ವೆರಿ ಸ್ಟ್ರಾಂಗ್! ಹ್ಯಾಂಡ್‌ಮೇಡ್!" ಎಂದಳು. ಆಮೇಲೆ ಬೆರಳೆತ್ತಿ, "ನೋ ಎಕ್ಸ್‌ಚೇಂಜ್!"

ಕಿರ್ಸ್ಟನ್ ಗೊಳ್ಳೆಂದು ನಕ್ಕುಬಿಟ್ಟರು. ಕೈಚೀಲ ಬಿಸಾಕಿ ಮುರ್ಯಾತಿಯನ್ನು ತಬ್ಬಿದರು, ಲಾರಸ್‌ಳನ್ನು ತಬ್ಬಿದರು. ಎಲ್ಲರೂ ಅತ್ತರು. ಚಹಾ ಕುಡಿದ ಬೀಗಿತ್ತಿಗೆ ತಮಾಷೆ ಹೆಚ್ಚಾಗಿ, ಮೂಲೆಯಲ್ಲಿ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿ, "ಅಂಡ್ ದಿಸ್ ಒನ್?" ಎಂದು ನನ್ನವಳನ್ನು ಕೇಳಿದರು.

ಮುರ್ಯಾತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರಿಟ್ಟಳು. "ಓಲ್ಡ್ ಸ್ಟಾಕ್, ಮೇಡಂ. ನೋಬಡಿ ಬೈ."

ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಈ ಪದಗಳು ಯಾವ ಕಾಮೆಂಟರಿಯಲ್ಲೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಇಷ್ಟು ಸಂತೋಷಪಡುತ್ತಿದ್ದಾರೆಂದರೆ ನನ್ನ ದೊಡ್ಡ ಗುಣಗಾನವೇ ಇರಬೇಕು ಎಂದುಕೊಂಡೆ. ಎರಡು ಹೆಜ್ಜೆ ಮುಂದೆ ಬಂದು, ಬೀಗಿತ್ತಿಗೆ ಸೊಂಟ ಬಗ್ಗಿಸಿ ವಂದಿಸಿ, ಎದೆ ಮುಟ್ಟಿಕೊಂಡು, ಸ್ಪಷ್ಟವಾಗಿ ಘೋಷಿಸಿದೆ: "ವೆಲ್ ಡಿಸರ್ವ್ಡ್!"