ಚಪ್ಪಲಿ ಕಾಯುವ ಕಾಕಾ

ನಮ್ಮ ಕಾಕಾ ಪುಣೆಯ ಅರ್ಧಕ್ಕರ್ಧ ದೇವಸ್ಥಾನಗಳಿಗೆ ಹೋಗಿದ್ದರು. ಮೊನ್ನೆ ಮೊನ್ನೆಯ ತನಕ ಒಂದರ ಒಳಗೂ ಕಾಲಿಟ್ಟಿರಲಿಲ್ಲ! ನಾಸ್ತಿಕರೇ? ಛೆ, ಅಂಥ ಘನಂದಾರಿ ಮಾತು ಅವರ ಹತ್ತಿರ ಸುಳಿಯುವುದಿಲ್ಲ. ಹೊರಗೆ ಕೂತು ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದರು, ಅಷ್ಟೇ.

ಇದಕ್ಕೆ ಕಾರಣವಿದೆ. ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ, ನಮ್ಮ ಕಾಕು, ಕಾಕಾನನ್ನು ಮಾರುತಿ ಗುಡಿಗೆ ಎಳೆದುಕೊಂಡು ಹೋದರಂತೆ. ಹೊಸಿಲು ದಾಟುವ ಮುನ್ನ ಕಾಕಾ ಒಮ್ಮೆ ತಿರುಗಿ ನೋಡಿದರೆ, ಮಾವನವರು ಕೊಟ್ಟ ಹೊಚ್ಚ ಹೊಸ ಕೊಲ್ಹಾಪುರಿ ಜೋಡು ಮಾಯ! ಸುಡುಬಿಸಿಲಿನಲ್ಲಿ ಹಡಪಸರದ ಡಾಂಬರು ರಸ್ತೆಯ ಮೇಲೆ ಮನೆಯ ತನಕ ಕುಣಿಯುತ್ತಲೇ ಬಂದರು. ಅಂದಿನಿಂದ ಅವರದು ಒಂದೇ ವೇದಾಂತ:

"ದೇವರು ಎಲ್ಲಾ ಕಡೆ ಇರ್ತಾನ. ಚಪ್ಪಲಿ ಇಟ್ಟಲ್ಲೆ ಸೈತ ಇರೂದಿಲ್ಲ."

ಕಾಯುವುದೆಂದರೆ ಸುಮ್ಮನೆ ಕಾಯುವುದೇ? ಪ್ರತಿ ಜೋಡನ್ನೂ ತಿರುಗಿಸಿ, ಅದರ ಮೂತಿ ರಸ್ತೆಯ ಕಡೆ ಮಾಡಿ ಇಡುತ್ತಿದ್ದರು. ದರ್ಶನ ಮುಗಿಸಿದವರು ಕಾಲು ತೂರಿಸಿ ನೇರ ಮನೆಗೆ ನಡೆಯಬೇಕು! ಈ ಅಚ್ಚುಕಟ್ಟು ಕಂಡು ಗುರುತಿಲ್ಲದವರೂ ಅವರ ಮುಂದೆ ಚಪ್ಪಲಿ ಬಿಡತೊಡಗಿದರು. ಒಮ್ಮೆ ಒಬ್ಬ ಹೆಂಗಸು "ಕಾಕಾ, ಟೋಕನ್ ದ್ಯಾ" ಎಂದು ಮರಾಠಿಯಲ್ಲಿ ಪಟ್ಟು ಹಿಡಿದಳು. ಕಾಕಾ ಗಂಭೀರವಾಗಿ ಜೇಬಿನಿಂದ ಬಸ್ ಟಿಕೆಟ್ ತೆಗೆದು, ಹರಿದು, ಅರ್ಧ ಆಕೆಗೆ ಕೊಟ್ಟರು. ಆಕೆ ಮರಳಿದಾಗ ಎರಡೂ ತುಂಡು ಜೋಡಿಸಿ ನೋಡಿಯೇ ಚಪ್ಪಲಿ ಬಿಟ್ಟುಕೊಟ್ಟರು.

ಮನುಷ್ಯರನ್ನು ಅಳೆಯುತ್ತಿದ್ದುದೂ ಚಪ್ಪಲಿಯಿಂದಲೇ. ಹೊಸ ಜೋಡಿನವನು ಒಳಗೆ ಕಣ್ಣು ಮುಚ್ಚುವುದಿಲ್ಲ, ಹರಿದ ಜೋಡಿನವನು ಬೇಗ ಹೊರಗೆ ಬರುವುದಿಲ್ಲ ಎಂಬುದು ಅವರ ಸಂಶೋಧನೆ. ಸುಳ್ಳೆಂದು ಸಾಧಿಸಲು ನಾನು ಹೊಸ ಬೂಟು ಹಾಕಿಕೊಂಡೇ ಗಣಪತಿಗೆ ಹೋದೆ. ಕಣ್ಣು ಮುಚ್ಚಿದರೆ ಕಾಣುವುದು ಬೂಟೇ! ಸ್ವತಃ ಕಾಕಾ ಕಾವಲಿಗಿದ್ದರೂ ಓಡಿ ಬಂದೆ.

"ಏನರೆ ಬೇಡಿಕೊಂಡ್ಯೋ, ಗಣಪತಿ ಮುಂದ ಬೂಟಿನ ಸುದ್ದಿನೇ ಹೇಳಿ ಬಂದ್ಯೋ?" ಎಂದರು.

ಕಾಕುವಿಗೆ ಮಾತ್ರ ಇದು ತೀರದ ಸಂಕಟ. ಒಮ್ಮೆಯಾದರೂ ಪಕ್ಕದಲ್ಲಿ ನಿಂತು ಕೈ ಮುಗಿಯಬಾರದೇ ಎಂದು ಗೋಗರೆಯುತ್ತಿದ್ದರು. ನೀ ನಿಶ್ಚಿಂತಿಲೆ ಹೋಗು, ಹೊರಗ ನಾ ಅದೀನಲ್ಲ ಎಂಬುದೇ ಕಾಕಾನ ಉತ್ತರ.

ಹೋದ ಮಳೆಗಾಲದಲ್ಲಿ ಕಾಕುವಿಗೆ ಹೃದಯದ ಆಪರೇಷನ್ ಮಾಡಬೇಕಾಯಿತು. ಡಾಕ್ಟರು ಕೂಡ ಗಟ್ಟಿ ಭರವಸೆ ಕೊಡಲಿಲ್ಲ. ಥಿಯೇಟರಿನ ಬಾಗಿಲಲ್ಲಿ ನರ್ಸ್ ಕಾಕುವಿನ ಚಪ್ಪಲಿ ಬಿಡಿಸಿ ಒಳಗೆ ಕರೆದೊಯ್ದಳು. ಕೆಳಗೆ ಆಸ್ಪತ್ರೆಯ ಅಂಗಳದಲ್ಲೇ ಪುಟ್ಟ ಗಣಪತಿ ಗುಡಿ. ಇವತ್ತಾದರೂ ಹೋಗಿ ಬರ್ರಿ ಎಂದು ನಾನು ಅಂಗಲಾಚಿದೆ. ಕಾಕಾ ಕದಲಲಿಲ್ಲ. ಆ ಚಪ್ಪಲಿಗಳನ್ನು ಬಾಗಿಲ ಮುಂದೆ ತಿರುಗಿಸಿಟ್ಟು ಕೂತರು. ಕಸ ಗುಡಿಸುವಾಕೆ ಎರಡು ಸಲ ಮೂಲೆಗೆ ಸರಿಸಿದಳು. ಎರಡು ಸಲವೂ ಎದ್ದು ಮತ್ತೆ ಅಲ್ಲೇ ಇಟ್ಟರು.

"ಒಳಗ ಹೋದಾಕಿ ಹೊರಗ ಬರ್ತಾಳ," ಎಂದರು, ನನ್ನ ಕಡೆ ನೋಡದೆ. "ನಾ ಕಾಯಾಕತ್ತೀನಲ್ಲ. ಇಷ್ಟು ವರ್ಷ ಒಂದು ಸಲನೂ ತಪ್ಪಿಲ್ಲ."

ಐದು ತಾಸಿನ ಮೇಲೆ ಡಾಕ್ಟರು ಹೊರಬಂದು, ಇನ್ನು ಹೆದರಿಕೆಯಿಲ್ಲ ಎಂದರು.

ಕಾಕಾ ಕಾಕುವಿನ ಚಪ್ಪಲಿಗಳನ್ನು ನನ್ನ ಕೈಗಿಟ್ಟು ಸೀದಾ ಮೆಟ್ಟಿಲಿಳಿದರು. ನಾನು ಹಿಂದೆಯೇ ಓಡಿದೆ. ಗುಡಿಯ ಮುಂದೆ ತಮ್ಮ ಜೋಡು ಬಿಟ್ಟರು, ಗಡಿಬಿಡಿಯಲ್ಲಿ ಒಂದು ಅತ್ತ, ಒಂದು ಇತ್ತ.

"ಕಾಯ್ತಿಯೇನೋ?"

"ನೀವು ನಿಶ್ಚಿಂತಿಲೆ ಹೋಗ್ರಿ, ಕಾಕಾ."

ನನಗೆ ಅಳು ತಡೆಯಲಾಗಲಿಲ್ಲ. ಕಾಕುವಿನ ಚಪ್ಪಲಿಗಳನ್ನು ಕೆಳಗಿಟ್ಟು, ಅವರ ಜೋಡನ್ನು ಹೆಕ್ಕಿ ತಂದು ಪಕ್ಕದಲ್ಲಿ, ಮೂತಿ ರಸ್ತೆಯ ಕಡೆ ಮಾಡಿ ಇಟ್ಟೆ. ಕಾಕಾನ ಜೋಡಿನ ಅಟ್ಟೆ ಸವೆದು, ಅಂಚು ಹರಿದಿತ್ತು. ಕಾಕಾ ಬೇಗ ಹೊರಗೆ ಬರಲಿಲ್ಲ.