ಬೀಜಾಡಿ ಕಡಲಿಗೆ ಎಷ್ಟು ಸ್ಟಾರ್?

ಮಕ್ಕಳ ಅಂಕಗಳ ಚಿಂತೆ ಎಲ್ಲ ತಂದೆಯರಿಗೂ ಒಂದು ವಯಸ್ಸಿಗೆ ಮುಗಿಯುತ್ತದೆ. ನನಗೆ ಅದು ಮುಗಿದ ಮೇಲೆ ಸಮುದ್ರದ ಅಂಕಗಳ ಚಿಂತೆ ಹಿಡಿಯಿತು. ಐಸ್ ಪ್ಲಾಂಟಿನ ಕೆಲಸ ಬಿಟ್ಟು, ಬೀಜಾಡಿಯ ನಮ್ಮ ಮನೆಯ ಎರಡು ಕೋಣೆಗಳನ್ನು ಸರ್ಫಿಂಗ್ ಮಾಡುವವರಿಗೆ ಬಾಡಿಗೆಗೆ ಕೊಡತೊಡಗಿದ್ದೇ ಇದಕ್ಕೆಲ್ಲ ಮೂಲ. ಸರ್ಫಿಂಗ್ ಎಂದರೆ ಉದ್ದನೆಯ ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರಿ ದಡಕ್ಕೆ ಬರುವ ಆಟ. ದೋಣಿ ಮಗುಚಿದಾಗ ನಮ್ಮವರೂ ಹಲಗೆ ಹಿಡಿದು ದಡಕ್ಕೆ ಬಂದದ್ದುಂಟು. ಬಂದವರು ಇನ್ನೊಮ್ಮೆ ಬರುತ್ತೇವೆಂದು ತಿರುಗಿ ಹೋದದ್ದು ಮಾತ್ರ ನಾನು ಕಂಡಿಲ್ಲ.

ಈ ಅತಿಥಿಗಳು ಬೆಳಿಗ್ಗೆ ಎದ್ದು ಕಿಟಕಿ ತೆರೆಯುವುದಿಲ್ಲ, ಮೊಬೈಲ್ ತೆರೆಯುತ್ತಾರೆ. ಹಿತ್ತಿಲಾಚೆ ಸಮುದ್ರ ಬೊಬ್ಬೆ ಹೊಡೆಯುತ್ತಿದ್ದರೂ ಅದರ ಸಮಾಚಾರವನ್ನು ಮೊಬೈಲಿನ ಬಾಯಿಂದಲೇ ಕೇಳಬೇಕು. ಅಲೆ ಎಷ್ಟಡಿ, ಗಾಳಿ ಯಾವ ಕಡೆಯದು ಎಂದೆಲ್ಲ ತೋರಿಸಿ, ಕೊನೆಗೆ ಅದು ಐದಕ್ಕೆ ಇಷ್ಟು ಸ್ಟಾರ್ ಎಂದು ತೀರ್ಪು ಕೊಡುತ್ತದೆ. ಮುಂಜಾನೆ ನೆಲದ ಕಡೆಯಿಂದ ಬೀಸುವ ಗಾಳಿ ಅಲೆಯನ್ನು ನೆಟ್ಟಗೆ ನಿಲ್ಲಿಸುತ್ತದಂತೆ, ಒಳ್ಳೆಯದು. ಮಧ್ಯಾಹ್ನ ಕಡಲಿನಿಂದ ಬರುವ ಗಾಳಿ ಅದನ್ನು ಕದಡುತ್ತದಂತೆ, ಕೆಟ್ಟದ್ದು. ಉಂಡು, ಅಂಗಿ ಬಿಚ್ಚಿ, ಜಗಲಿಯಲ್ಲಿ ಬಿದ್ದುಕೊಂಡು ಇಷ್ಟು ವರ್ಷ ನಾನು ಸುಖಪಟ್ಟದ್ದು ಕೆಟ್ಟ ಗಾಳಿಗೆ ಎಂದು ಆಗಲೇ ತಿಳಿದದ್ದು.

ನವರಾತ್ರಿ ಕಳೆದದ್ದೇ ನಮ್ಮ ಕಡಲಿಗೆ ದಿನಾ ಸೊನ್ನೆ ಬರತೊಡಗಿತು. "ಅಂಕಲ್, ಅಲೆಯೇ ಇಲ್ಲ" ಎಂದು ಅತಿಥಿಗಳು ಚೀಲ ಕಟ್ಟುವಾಗ, ನಾನೇ ಫೇಲಾದವನಂತೆ ತಲೆ ತಗ್ಗಿಸುತ್ತಿದ್ದೆ. ಅತ್ತ ತ್ರಾಸಿ ಊರಿನ ಕಡಲಿಗೆ ಒಂದು ಸ್ಟಾರ್ ಬಂದ ದಿನವಂತೂ ಹೊಟ್ಟೆಕಿಚ್ಚಿಗೆ ಚಹಾ ಸೇರಲಿಲ್ಲ.

"ಹ್ವಾಯ್, ಎಂತಕ್ಕ್ ಮುಖ ಸಣ್ಣ ಮಾಡ್ಕಂಡ್ ಕೂತದ್ದ್?" ಎಂದಳು ಹೆಂಡತಿ.

"ಕಡ್ಲಿಗೆ ಇವತ್ತೂ ಸೊನ್ನೆ ಮಾರಾಯ್ತಿ. ಹೀಂಗಾರೆ ಕೋಣಿಗೆ ಬೀಗವೇ."

"ಒಳ್ಳೆದೇ ಆಯ್ತಲೆ. ನನ್ ತಮ್ಮ ಮೀನಿಗೆ ದೋಣಿ ತಕಂಡ್ ಹೋಯ್ದ."

ಗುಟ್ಟಾಗಿ ದೇವರಿಗೆ ತೆಂಗಿನಕಾಯಿ ಹೇಳಿಕೊಂಡೆ, ಅಲೆ ಏಳಲೆಂದು. ಅದೇ ದೇವರಿಗೆ ಅವಳೂ ಒಂದು ಕಾಯಿ ಹೇಳಿಕೊಂಡಿದ್ದಳು, ಕಡಲು ತಣ್ಣಗಿರಲೆಂದು. ದೇವರು ಗಂಡಸರ ಪರ ನಿಂತ. ನಾಲ್ಕು ಸ್ಟಾರ್!

ಎರಡೂ ಕೋಣೆ ತುಂಬಿದವು. ಮಧ್ಯಾಹ್ನ ಹಸಿದು ಬಂದ ಅತಿಥಿಗಳು "ಅಂಕಲ್, ಫಿಶ್ ಫ್ರೈ ಎಲ್ಲಿ?" ಎಂದರು. ಮೀನು ಎಲ್ಲಿಂದ ಬರಬೇಕು? ಅಲೆ ದಾಟಲಾಗದೆ ದೋಣಿಗಳೆಲ್ಲ ಮರಳಿನ ಮೇಲೆ ಕುಳಿತಿದ್ದವು. ಕೆಲಸವಿಲ್ಲದ ಭಾವಮೈದ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದ. ಎಲ್ಲರಿಗೂ ಸೌತೆಕಾಯಿ ಹುಳಿ. ಆ ಹುಳಿಯಷ್ಟೇ ಹುಳಿಯಾಗಿತ್ತು ಅವನ ಮುಖ. ನಾಲ್ಕು ಸ್ಟಾರಿನ ಸಂತೋಷದಲ್ಲೂ ನನಗೆ ಅದನ್ನು ನೋಡಲಾಗಲಿಲ್ಲ.

"ಭಾವ, ಆ ಮೊಬೈಲಲ್ಲಿ ಸ್ಟಾರ್ ಕಾಂಬುದ್ ಹ್ಯಾಂಗೆ? ನಂಗೂ ಹೇಳ್ಕೊಡಿ" ಎಂದ. ಹೇಳಿಕೊಟ್ಟೆ. ಬೆರಳಾಡಿಸುತ್ತ ಹೋದವನು ಒಮ್ಮೆಲೇ ಕೂಗಿದ: "ನಾಳೆ ಸೊನ್ನೆ ಇತ್ತ್ ಕಾಣಿ!" ಪಕ್ಕದಲ್ಲಿ ಉಣ್ಣುತ್ತಿದ್ದ ಅತಿಥಿಗಳ ಕೈ ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಹಲಗೆಗಳು ಕಾರಿನ ನೆತ್ತಿಯೇರಿ ಹೋದವು. ಸ್ವಲ್ಪ ಹೊತ್ತಿಗೆ ಭಾವಮೈದ ಬುಟ್ಟಿ ತುಂಬ ಬಂಗುಡೆ ಮೀನು ತಂದು ಇಳಿಸಿದ. ನನಗೋ ಕಡಲಿನ ಮೇಲೆ, ಅದಕ್ಕೆ ಸೇರಿದ ಎಲ್ಲರ ಮೇಲೆ ಕೆಟ್ಟ ಸಿಟ್ಟು. ಇವತ್ತು ಯಾರೊಡನೆಯೂ ಒಂದು ಮಾತಾಡುವುದಿಲ್ಲ ಎಂದು ತೀರ್ಮಾನಿಸಿ ಊಟಕ್ಕೆ ಕುಳಿತೆ.

"ಇನ್ನೊಂದ್ ಬಂಗುಡೆ ಹಾಕ್ಲಾ?" ಎಂದಳು ಹೆಂಡತಿ.

ನಾನು ತೀರ್ಮಾನಕ್ಕೆ ತಪ್ಪುವವನಲ್ಲ. ಮಾತಾಡದೆ ತಟ್ಟೆ ಮುಂದೆ ಹಿಡಿದೆ.