ಬೇಲಿಗೆ ಗೊಬ್ಬರ ಹಾಕದಿರುವ ಬಗ್ಗೆ

ಇಂದ:
ಮೂಲೆಮನೆಯ ಹಿರಿಸೊಸೆ,
ನಿವೃತ್ತ ಬೆರಳಚ್ಚುಗಾರ್ತಿ ಹಾಗೂ ಹಿತ್ತಿಲ ಬಳಗದ ಖಾಯಂ ಸದಸ್ಯೆ (ಕಳೆ ಕೀಳುವ ವಿಭಾಗ).

ಗೆ:
ಮಾನ್ಯ ಅಧ್ಯಕ್ಷರು, ಹಿತ್ತಿಲ ಬಳಗ,
ಹಲ್ಲಿನ ದವಾಖಾನೆಯ ಹಿಂಬದಿಯ ಜಗಲಿ.

ವಿಷಯ: ನನ್ನ ಮನೆಯ ದಾಸವಾಳದ ಬೇಲಿಗೆ ಬರುವ ಭಾನುವಾರ ಗೊಬ್ಬರ ಹಾಕಿ, ಅದನ್ನು ಮೊದಲಿನ ಎತ್ತರಕ್ಕೆ ಬೆಳೆಸುವ ತಮ್ಮ ನಿರ್ಣಯವನ್ನು ರದ್ದುಪಡಿಸಲು ಕೋರಿ.

ಉಲ್ಲೇಖ:
1) ಕಳೆದ ಭಾನುವಾರ ನನ್ನ ಮನೆಯಲ್ಲಿ ನಡೆದ ಪಾಳಿ ಕೆಲಸ.
2) ಅದೇ ದಿನ ಟೀ ತಟ್ಟೆ ಹಿಡಿದುಕೊಂಡು ನಾನು ಹಾಕಿದ ಕೂಗು.
3) ಅದಕ್ಕೆ ತಾವು ಕೊಟ್ಟ ಮೌಖಿಕ ಉತ್ತರ: "ಬೆಳೆಯುತ್ತೆ ಬಿಡಿ, ಗಾಬರಿ ಆಗ್ಬೇಡಿ."
4) ಆಮೇಲೆ ಗಾಬರಿ ತಮಗೇ ಆಗಿ, ಮಾರನೆಯ ದಿನ ನಾನಿಲ್ಲದ ಸಭೆಯಲ್ಲಿ ಕೈಗೊಂಡ ಗೊಬ್ಬರದ ನಿರ್ಣಯ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ನಾನು ವಿನಯಪೂರ್ವಕವಾಗಿ, ಆದರೆ ಗಟ್ಟಿಯಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ದಯವಿಟ್ಟು ಆ ಬೇಲಿಯನ್ನು ಅದರ ಪಾಡಿಗೆ ಬಿಡಿ. ನಾಲ್ಕು ಹೆಜ್ಜೆ ನಡೆದು ಬಂದು ಬಾಯಲ್ಲಿ ಹೇಳಬಹುದಾದ ಮಾತಿಗೆ ಅರ್ಜಿ ಏಕೆ ಎಂದು ತಾವು ಕೇಳಬಹುದು. ಆಯುಷ್ಯವೆಲ್ಲ ಕಚೇರಿಯಲ್ಲಿ ಕುಳಿತು ಪರರ ಅರ್ಜಿಗಳನ್ನು ಟೈಪು ಮಾಡಿದ ಕಾರಣ, ನನಗೆ ಮನಸ್ಸಿನ ಮಾತು ಬಾಯಲ್ಲಿ ಬರುವುದಿಲ್ಲ. ಬಂದರೂ ಜಗಳದ ರೂಪದಲ್ಲೇ ಬರುತ್ತದೆ. ಆದ್ದರಿಂದ ಕಾಗದದ ಮೊರೆ ಹೋಗಿದ್ದೇನೆ. ವಿವರಗಳು ಈ ಕೆಳಗಿನಂತಿವೆ.

1. ಬಳಗದ ನಿಯಮದ ಪ್ರಕಾರ ಭಾನುವಾರಕ್ಕೊಂದು ಮನೆಯಂತೆ ಎಲ್ಲ ಸದಸ್ಯರೂ ಹೋಗಿ, ಅಲ್ಲಿನ ಹಿತ್ತಿಲ ಕೆಲಸವನ್ನೂ ಮನೆಯ ಸಣ್ಣಪುಟ್ಟ ರಿಪೇರಿಯನ್ನೂ ಮುಗಿಸಿಕೊಡತಕ್ಕದ್ದು. ಆ ದಿನ ಆ ಮನೆಯವರು ಸಲಿಕೆ, ಕತ್ತರಿ ಮುಟ್ಟಕೂಡದು; ಹಿತ್ತಿಲ ಕಡೆ ಇಣುಕಲೂ ಕೂಡದು. ಒಳಗೆ ಟೀ ಮಾಡಿಕೊಂಡಿರತಕ್ಕದ್ದು. ಮನೆಯವರು ಎದುರಿಗೆ ನಿಂತರೆ ಒಂದೊಂದು ಕೊಂಬೆಗೂ "ಅಯ್ಯೋ, ಅದು ಬೇಡ" ಎಂದು ಅಡ್ಡ ಬರುತ್ತಾರೆ, ಕೆಲಸ ಸಾಗುವುದಿಲ್ಲ. ಈ ನಿಯಮವನ್ನು ಸೂಚಿಸಿದವಳು ನಾನೇ. ತಮ್ಮ ಮನೆಯ ಪೇರಲೆ ಮರದ ಒಣ ರೆಂಬೆ ತೆಗೆಯುವಾಗ ತಾವು ಕಣ್ಣೊರೆಸಿಕೊಂಡು ನಿಂತದ್ದನ್ನು ನೋಡಿ ಸೂಚಿಸಿದ್ದೆ.

2. ಕಳೆದ ಭಾನುವಾರದ ಉಳಿದ ಕೆಲಸಗಳ ಬಗ್ಗೆ ನನ್ನ ತಕರಾರು ಏನೂ ಇಲ್ಲ. ನಿವೃತ್ತ ಬಸ್ ಡ್ರೈವರ್ ಗೇಟಿನ ತಿರುಗಣೆಗೆ ಎಣ್ಣೆ ಬಿಟ್ಟು, ಸೋರುವ ನಲ್ಲಿಗೆ ವಾಷರ್ ಹಾಕಿಕೊಟ್ಟರು. ಟೈಲರ್ ನೆರಳುಬಲೆಯ ಹರಕನ್ನು ಎಷ್ಟು ಚೆನ್ನಾಗಿ ಹೊಲಿದರೆಂದರೆ ಹರಿದಿದ್ದೇ ಒಳ್ಳೆಯದಾಯಿತು ಅನ್ನಿಸಿತು. ತಾವು ನೀರಿನ ತೊಟ್ಟಿಯ ಪಾಚಿಯನ್ನು ಹಲ್ಲಿನ ಕೊಳೆ ಕೆರೆಯುವಷ್ಟೇ ಶ್ರದ್ಧೆಯಿಂದ ಕೆರೆದಿರಿ. ತೊಟ್ಟಿಗೆ ನೋವಾಗುತ್ತಿದೆಯೇ ಎಂದು ಒಮ್ಮೆ ಕೇಳಿದ್ದೂ ನನ್ನ ಕಿವಿಗೆ ಬಿತ್ತು.

3. ಬೇಲಿಯ ವಿಚಾರದಲ್ಲಿ ನಾನು ಕೊಟ್ಟ ಸೂಚನೆ ಇಷ್ಟೇ: "ತಲೆ ಮೇಲಿನ ಕರೆಂಟ್ ತಂತಿಗೆ ತಾಗ್ತಾ ಇದೆ, ಸ್ವಲ್ಪ ಸಮ ಮಾಡಿ." ಆಮೇಲೆ ನಾನು ನಿಯಮಕ್ಕೆ ಬದ್ಧಳಾಗಿ ಅಡುಗೆಮನೆಯ ಕಿಟಕಿಗೆ ಪರದೆ ಎಳೆದು ಟೀಗೆ ನೀರಿಟ್ಟೆ. ಕಿವಿಗೆ ಪರದೆ ಇಲ್ಲದ ಕಾರಣ ಕೇಳಿಸಿದ್ದು ಹೀಗಿದೆ:

ಟೈಲರ್: "ಎಡಗಡೆ ಒಂದಿಂಚು ಹೆಚ್ಚಿದೆ ನೋಡಿ. ಅಂಗಿ ಆಗಿದ್ರೆ ಗಿರಾಕಿ ವಾಪಸ್ ತರೋರು."

ಕತ್ತರಿಯ ಸದ್ದು.

ಡ್ರೈವರ್: "ಈಗ ಬಲಗಡೆ ಎತ್ತರ ಆಯ್ತಲ್ರೀ. ಗಾಡಿ ಒಂದು ಕಡೆ ವಾಲಿದ ಹಾಗಿದೆ."

ಮತ್ತೆ ಕತ್ತರಿಯ ಸದ್ದು, ಈ ಸಲ ಹೆಚ್ಚು ಹೊತ್ತು.

ತಾವು: "ನಡುವೆ ಎದ್ದು ನಿಂತಿದೆ. ಅದನ್ನ ಸ್ವಲ್ಪ ಕೂರಿಸೋಣ."

ಹೀಗೆ ಮೂವರೂ ತಂತಮ್ಮ ಕಣ್ಣಳತೆಗೆ ತಕ್ಕಂತೆ ಸಮ ಮಾಡುತ್ತಾ ಹೋದಿರಿ. ಸಮ ಎಂಬುದು ಕೆಳಗೆ ಮಾತ್ರ ಸಿಗುತ್ತದೆ, ಮೇಲೆ ಸಿಗುವುದಿಲ್ಲ ಎಂಬುದನ್ನು ಮೂವರಲ್ಲಿ ಒಬ್ಬರಾದರೂ ಗಮನಿಸಲಿಲ್ಲ. ನಾನು ಟೀ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ, ಆಳೆತ್ತರಕ್ಕಿಂತ ಮೇಲಿದ್ದ ಬೇಲಿ ನನ್ನ ಮಂಡಿಯವರೆಗೆ ಇತ್ತು. ಸಮವಾಗಿತ್ತು, ಒಪ್ಪುತ್ತೇನೆ.

4. ಬೇಲಿಯ ಆಚೆಗಿನ ಮನೆ ನನ್ನ ಮೈದುನನದು. ಅಂದರೆ ನನ್ನ ಓರಗಿತ್ತಿಯದು. ನಾವಿಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದೇವೆ ಎಂಬುದು ಬೀದಿಗೆಲ್ಲ ತಿಳಿದ ವಿಷಯ. ಅವಳ ಮನೆಯ ಪಾಳಿಯ ದಿನ ನನಗೆ ಮಂಡಿನೋವು ಬರುತ್ತಿತ್ತು. ನನ್ನ ಮನೆಯ ಪಾಳಿಯ ದಿನ ಅವಳಿಗೆ ತಲೆನೋವು. ತಾವು ಇಬ್ಬರ ರಜೆಯನ್ನೂ ತುಟಿಪಿಟಕ್ಕೆನ್ನದೆ ಮಂಜೂರು ಮಾಡುತ್ತಾ ಬಂದಿರಿ, ಅದಕ್ಕೆ ಕೃತಜ್ಞಳು. ಆದರೆ ಮಾತು ಏಕೆ ಬಿಟ್ಟೆವೆಂದು ಬಳಗಕ್ಕೆ ತಿಳಿದಿಲ್ಲವಾದ ಕಾರಣ ಇಲ್ಲಿ ದಾಖಲಿಸುತ್ತಿದ್ದೇನೆ.

ನನ್ನ ಹಿತ್ತಿಲಲ್ಲಿ ಒಂದು ಅಂಜೂರದ ಗಿಡವಿತ್ತು. ನನ್ನ ತಾಯಿ ಕೊನೆಯ ಸಲ ನಮ್ಮ ಮನೆಗೆ ಬಂದಾಗ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ ಕಡ್ಡಿ ಅದು. ಅದು ನನ್ನೆತ್ತರ ಆಗುವ ಹೊತ್ತಿಗೆ ತಾಯಿ ಇರಲಿಲ್ಲ. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ನಾನು ಮಗಳ ಮನೆಗೆ ಹೋದೆ. ಹೋಗುವಾಗ, ಗಿಡಗಳಿಗೆ ನೀರು ಹಾಕಲೆಂದು ಓರಗಿತ್ತಿಯ ಕೈಗೆ ಹಿತ್ತಿಲ ಬಾಗಿಲ ಬೀಗದ ಕೈ ಕೊಟ್ಟೆ. ಅಂಜೂರ ಚಳಿಗೆ ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ. ಅವಳ ಹಿತ್ತಿಲಲ್ಲಿ ಆ ಜಾತಿಯ ಗಿಡ ಇರಲಿಲ್ಲವಾಗಿ ಅದು ಅವಳಿಗೆ ತಿಳಿದಿರಲಿಲ್ಲ. ನಾನು ಹಿಂತಿರುಗಿ ಬಂದಾಗ ಗಿಡವಿದ್ದ ಜಾಗ ಗುಡಿಸಿ ಸಾರಿಸಿದಂತೆ ಚೊಕ್ಕಟವಾಗಿತ್ತು.

"ಆ ಒಣಗಿದ್ದನ್ನ ಬುಡಸಮೇತ ತೆಗೆದು ಕ್ಲೀನ್ ಮಾಡಿದೀನಿ ಅಕ್ಕಾ," ಅಂದಳು. ಮುಖದ ತುಂಬ ನಗು. "ಕಡ್ಡಿ ವೇಸ್ಟ್ ಆಗ್ಬಾರ್ದು ಅಂತ ನನ್ನ ಹುರುಳಿಕಾಯಿ ಬಳ್ಳಿಗೆ ಊರುಗೋಲು ಮಾಡ್ಕೊಂಡೆ."

ಬೀಗದ ಕೈ ವಾಪಸ್ ಇಸಿದುಕೊಂಡು ನಾನು ಒಳಗೆ ಹೋದೆ. ಅದೇ ಕೊನೆ. ಅಂದಿನಿಂದ ಬೇಲಿಗೆ ಯಾರ ಕತ್ತರಿಯೂ ತಾಗಲು ಬಿಡಲಿಲ್ಲ. ಅದಕ್ಕೆ ಮೊದಲು ಅದು ಸೊಂಟದೆತ್ತರ ಇತ್ತು, ಅದರ ಮೇಲೆ ಮೊಳಕೈ ಊರಿ ನಾವಿಬ್ಬರೂ ಬೆಳಗಿನ ಟೀ ಕುಡಿಯುತ್ತಿದ್ದೆವು.

5. ಈ ಅವಧಿಯಲ್ಲಿ ಉಭಯ ಮನೆಗಳ ನಡುವಿನ ಪತ್ರವ್ಯವಹಾರವನ್ನು ನನ್ನ ಯಜಮಾನರು ನಿರ್ವಹಿಸಿದರು. ಅಣ್ಣತಮ್ಮಂದಿರ ನಡುವೆ ಯಾವ ಮನಸ್ತಾಪವೂ ಇಲ್ಲ. ದಿನಾ ಸಂಜೆ ಆಚೆ ಜಗಲಿಯಲ್ಲಿ ಕುಳಿತು ಬಿಸ್ಕತ್ತು ತಿನ್ನುತ್ತಾರೆ. ಯಜಮಾನರು ಒಳ್ಳೆಯವರು, ಆದರೆ ಗಿಡಗಳ ವಿಷಯದಲ್ಲಿ ಅವರಿಗೆ ಗೊತ್ತಿರುವುದು ಎರಡೇ ಮಾತು: "ಚೆನ್ನಾಗಿದೆ" ಮತ್ತು "ಹೌದಾ". ಉದ್ದದ ಸಂದೇಶವನ್ನು ಅವರ ಕೈಗೆ ಕೊಟ್ಟರೆ ಗೇಟು ದಾಟುವಷ್ಟರಲ್ಲಿ ಅರ್ಧ ಉದುರಿರುತ್ತದೆ. ಕಳೆದ ವರ್ಷ ಒಂದು ಸಂಜೆ ಬಂದು, "ಅವಳ ಹುರುಳಿಕಾಯಿ ಬಳ್ಳಿ ಚೆನ್ನಾಗಿ ಬಂದಿದೆಯಂತೆ, ನಿನಗೆ ಹೇಳೋಕೆ ಹೇಳಿದ್ಲು," ಅಂದರು. ನನ್ನ ಅಂಜೂರವನ್ನು ಕಡಿದು ನೆಟ್ಟುಕೊಂಡು, ಅದರ ಮೇಲೆ ಹಬ್ಬಿಸಿದ ಬಳ್ಳಿಯ ವೈಭವವನ್ನು ನನಗೇ ಹೇಳಿಕಳಿಸುತ್ತಾಳೆಂದು ನನಗೆ ಮೈಯೆಲ್ಲ ಉರಿದುಹೋಯಿತು. ಬೇಲಿಗೆ ಇನ್ನೆರಡು ಬಿಂದಿಗೆ ನೀರು ಹೆಚ್ಚು ಹಾಕಿದೆ.

6. ಈಗ ಉಲ್ಲೇಖ ಎರಡರ ಕೂಗಿಗೆ ಬರುತ್ತೇನೆ. ಆ ಕೂಗು ಬೇಲಿಗಾಗಿ ಹಾಕಿದ್ದೆಂದು ತಾವು ತಿಳಿದಿದ್ದೀರಿ. ಅಲ್ಲ. ಬೇಲಿಯ ಆಚೆ, ತಲೆನೋವಿನ ರಜೆಯಲ್ಲಿದ್ದ ನನ್ನ ಓರಗಿತ್ತಿ ಪೈಪು ಹಿಡಿದು ನಿಂತಿದ್ದಳು. ಅವಳ ಹಿಂದೆ ಹುರುಳಿಕಾಯಿ ಬಳ್ಳಿಯ ಸಾಲು. ಬಳ್ಳಿಯ ಒಳಗಿನಿಂದ ಅಂಗೈ ಅಗಲದ ಎಲೆಗಳು ಹೊರಗೆ ಇಣುಕುತ್ತಿದ್ದವು. ಒಂದು ಕಡ್ಡಿಯಲ್ಲಲ್ಲ, ನೆಟ್ಟ ಊರುಗೋಲುಗಳೆಲ್ಲದರಲ್ಲೂ. ನನ್ನ ತಾಯಿ ತಂದ ಅಂಜೂರ ಅಲ್ಲಿ ಒಂದು ಸಾಲಾಗಿ ನಿಂತಿತ್ತು.

ತಾವು ಮೂವರೂ ಕತ್ತರಿ ಹಿಡಿದುಕೊಂಡು ಅಲ್ಲೇ ಇದ್ದಿರಿ. ಆದರೂ ತಾವು ಅತ್ತ ಕಡೆ ನೋಡದವರಂತೆ ಹೆಚ್ಚು ಶ್ರಮಪಟ್ಟು ನಿಂತಿದ್ದ ಕಾರಣ ಸಂಭಾಷಣೆಯನ್ನು ದಾಖಲಿಸುತ್ತೇನೆ.

"ಚಿಗುರಿಬಿಟ್ವು ಅಕ್ಕ," ಅಂದಳು ಅವಳು. ಪೈಪಿನ ನೀರು ಅವಳ ಕಾಲ ಮೇಲೇ ಸುರಿಯುತ್ತಿತ್ತು. "ಊರುಗೋಲೆಲ್ಲ ಚಿಗುರಿಬಿಟ್ವು. ಹೋದ ವರ್ಷಾನೇ ಭಾವನ ಕೈಲಿ ಹೇಳಿಕಳಿಸಿದ್ನಲ್ಲ."

ನಾನು ಜಗಲಿಯಲ್ಲಿ ಕುಳಿತಿದ್ದ ಯಜಮಾನರನ್ನು ನೋಡಿದೆ. ಅವರು, "ಹೌದಾ?" ಅಂದರು.

ಎರಡು ವರ್ಷದಿಂದ ನಾನು ಅವಳಿಗೆ ಆಡಬೇಕೆಂದು ಕೂಡಿಟ್ಟಿದ್ದ ಮಾತುಗಳು ಬಹಳ ಇದ್ದವು. ದಿಂಬಿಗೆ ತಲೆ ಕೊಟ್ಟಾಗಲೆಲ್ಲ ತಿದ್ದಿ ತೀಡಿ ಹರಿತ ಮಾಡಿದ ಮಾತುಗಳು. ಬಾಯಿ ತೆರೆದಾಗ ಬಂದದ್ದು ಇದು: "ನೀರು ಜಾಸ್ತಿ ಹಾಕ್ತಿದೀಯ. ಎಲೆ ಹಳದಿ ಆಗಿದೆ ನೋಡು."

"ಹಾಗಂತ ಹೇಳೋರು ಯಾರಿದ್ರು ನಂಗೆ?" ಅಂದಳು ಅವಳು. ಅಂದವಳೇ ಅಳಲು ಶುರು ಮಾಡಿದಳು.

ತಟ್ಟೆಯಲ್ಲಿದ್ದ ಟೀ ತಮ್ಮ ಮೂವರ ಪಾಲಿಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಇದೇ ವಿವರಣೆ. ಎರಡು ಲೋಟ ನಾವಿಬ್ಬರು ಕುಡಿದೆವು. ಉಳಿದದ್ದು ಚೆಲ್ಲಿತು.

7. ಒಂದು ಗಿಡದಲ್ಲಿ ಒಂದೇ ಒಂದು ಕಾಯಿ ಬಿಟ್ಟಿತ್ತು. ಹಕ್ಕಿ ಕುಕ್ಕದಂತೆ ಅವಳು ಅದಕ್ಕೆ ಹಳೆಯ ಬಟ್ಟೆಯ ಚೀಲ ಹೊಲಿದು ಕಟ್ಟಿದ್ದಳು. ಹಣ್ಣಾದ ಮೇಲೆ ನನಗೆ ಕಳಿಸಬೇಕೆಂದಿದ್ದಳಂತೆ, ಆದರೆ ಯಾರ ಕೈಯಲ್ಲಿ ಕಳಿಸುವುದೆಂದು ತಿಳಿಯದೆ ಕುಳಿತಿದ್ದಳಂತೆ. "ಭಾವನ ಕೈಲಿ ಕೊಟ್ರೆ ಬರೋ ದಾರೀಲೇ ತಿಂದ್ಬಿಡ್ತಾರೆ," ಎಂಬ ಅವಳ ಅಭಿಪ್ರಾಯಕ್ಕೆ ನನ್ನ ಸಹಮತವಿದೆ.

8. "ಎಲ್ಲ ನಿಮ್ಮದೇ ಅಕ್ಕ, ಕಿತ್ತುಕೊಂಡು ಹೋಗಿ ನಿಮ್ಮ ಕಡೆ ನೆಡಿ," ಎಂದು ಅವಳು ಹೇಳಿದ್ದು ನಿಜ. ಈಗ ಬೇರು ಆಳಕ್ಕೆ ಇಳಿದಿದೆ. ಕಿತ್ತರೆ ಗಿಡವೂ ಉಳಿಯದು, ಮೈಮೇಲಿರುವ ಬಳ್ಳಿಯೂ ಉಳಿಯದು. ಆದಕಾರಣ ಗಿಡಗಳು ಅಲ್ಲೇ ಇರತಕ್ಕದ್ದೆಂದು ಉಭಯತ್ರರು ತೀರ್ಮಾನಿಸಿದ್ದೇವೆ. ಆದರೆ ಅವು ನನಗೆ ಕಾಣಬೇಕು. ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಕಾಣಬೇಕು. ಅವಳು ಹೆಚ್ಚು ನೀರು ಹಾಕುವುದನ್ನು ಕೂಗಿ ತಡೆಯುವಷ್ಟು ಹತ್ತಿರದಲ್ಲಿ ಕಾಣಬೇಕು.

9. ಇನ್ನೂ ಒಂದು ಮಾತು. ಎರಡು ವರ್ಷ ನಾನು ಹಿತ್ತಿಲಲ್ಲಿ ದುಡಿದೆ, ಎಲ್ಲವೂ ಬೆಳೆಯಿತು. ಹೊಸ ಬಣ್ಣದ ದಾಸವಾಳ ಅರಳಿದರೆ, ಬಿಳಿನೊಣದ ಕಾಟ ಕಳೆದರೆ, ಬದನೆಯಲ್ಲಿ ಮೊದಲ ಹೂ ಬಂದರೆ, ಕರೆದು ತೋರಿಸಲು ಯಾರೂ ಇರಲಿಲ್ಲ. ಯಜಮಾನರನ್ನು ಕರೆದರೆ "ಚೆನ್ನಾಗಿದೆ" ಅನ್ನುತ್ತಿದ್ದರು. ಅವರು ಕಳೆಯನ್ನೂ ಚೆನ್ನಾಗಿದೆ ಅಂದವರು. ನನಗೆ ಅವಳಿಲ್ಲದೆ ಬೇಸರವಾಗಿತ್ತು, ಬಹಳ ಬೇಸರವಾಗಿತ್ತು ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

10. ಹೀಗಿರುವಾಗ ತಾವು ಪಶ್ಚಾತ್ತಾಪದಿಂದ ಕೊಟ್ಟಿಗೆ ಗೊಬ್ಬರದ ಚೀಲಗಳನ್ನು ತರಿಸಿ ಜಗಲಿಯಲ್ಲಿ ಪೇರಿಸಿರುವುದಾಗಿ ಟೈಲರ್ ಮೂಲಕ ತಿಳಿದುಬಂದಿದೆ. ನಡುವಿನ ಸಂದಿಗಳಿಗೆ ಹೊಸ ಸಸಿ ನೆಡುವ ಯೋಚನೆಯೂ ಇದೆಯಂತೆ. ದಾಸವಾಳದ ಗುಣ ತಮಗೆ ಗೊತ್ತೇ ಇದೆ. ಕತ್ತರಿಸಿದ ಗಿಡಕ್ಕೆ ಗೊಬ್ಬರ ಬಿದ್ದರೆ ರೋಷ ಬಂದವರಂತೆ ನುಗ್ಗಿ ಬರುತ್ತದೆ. ಕಾರಣ, ಈ ಅರ್ಜಿಯನ್ನು ತುರ್ತೆಂದು ಪರಿಗಣಿಸುವುದು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ,

(ಅ) ಗೊಬ್ಬರದ ನಿರ್ಣಯವನ್ನು ಕೂಡಲೇ ರದ್ದುಪಡಿಸಿ, ಸದರಿ ಚೀಲಗಳನ್ನು ತಮ್ಮ ಪೇರಲೆಗೆ ಬಳಸಿಕೊಳ್ಳಬೇಕೆಂದೂ,

(ಆ) ಬೇಲಿಯನ್ನು ಇನ್ನು ಮುಂದೆ ನನ್ನ ಮಂಡಿಯಿಂದ ಮೇಲೇಳಲು ಬಿಡದೆ ಪ್ರತಿ ಪಾಳಿಯಲ್ಲೂ ಸಮ ಮಾಡಬೇಕೆಂದೂ, ಅಳತೆಗೆ ಟೈಲರ್, ಡ್ರೈವರ್, ತಾವು, ಮೂವರೂ ತಪ್ಪದೆ ಹಾಜರಿರಬೇಕೆಂದೂ,

(ಇ) ನೀರಿನ ಡಬ್ಬ ಹಿಡಿದ ಒಬ್ಬ ಹೆಂಗಸು ಆಚೆಗೆ ಹೋಗಿ ಈಚೆಗೆ ಬರಲು ಅನುವಾಗುವಂತೆ, ಬೇಲಿಯ ನಡುವಿನ ಒಂದು ದಾಸವಾಳದ ಗಿಡವನ್ನು ಬುಡಸಮೇತ ತೆಗೆದುಕೊಡಬೇಕೆಂದೂ

ಕೋರುತ್ತೇನೆ. ಗೇಟಿನಿಂದ ಸುತ್ತಿ ಹೋಗಬಹುದಲ್ಲ ಎಂದು ಯಜಮಾನರು ಸೂಚಿಸಿದ್ದಾರೆ. ಸದರಿ ಸೂಚನೆಯನ್ನು ತಿರಸ್ಕರಿಸಲಾಗಿದೆ.

ತಮ್ಮ ಕಣ್ಣಳತೆಯಲ್ಲಿ ವಿಶ್ವಾಸವಿಲ್ಲದಿದ್ದರೂ ತಮ್ಮಲ್ಲಿ ವಿಶ್ವಾಸವಿರುವ,

(ಸಹಿ)
ಮೂಲೆಮನೆಯ ಹಿರಿಸೊಸೆ

ಲಗತ್ತುಗಳು:
1) ಅಂಜೂರದ ಹಳದಿ ಎಲೆ ಒಂದು (ಅತಿನೀರಿಗೆ ಪುರಾವೆ).
2) ಅಂಜೂರದ ಹಣ್ಣು ಒಂದು. ಇದು ನಿನ್ನೆ ನಡೆದ ಜಂಟಿ ಪರಿಶೀಲನೆಯಲ್ಲಿ ಮುಗಿದುಹೋದ ಕಾರಣ ತೊಟ್ಟನ್ನು ಮಾತ್ರ ಲಗತ್ತಿಸಿದೆ. ಬಹಳ ಸಿಹಿಯಾಗಿತ್ತು.
3) ತಾವು ಗಾಬರಿಯಲ್ಲಿ ಬಿಟ್ಟುಹೋದ ಕತ್ತರಿ. ಸಾಣೆ ಹಿಡಿಸಿದೆ.

ವಿ.ಸೂ.: ಅರ್ಜಿಯ ಪ್ರತಿಯನ್ನು ಬೇಲಿಯ ಮೇಲಿಂದ ಪ್ರತಿಪಕ್ಷದವರಿಗೆ ಓದಲು ಕೊಡಲಾಗಿದೆ. ಅವರ ಷರಾ ಈ ಕೆಳಗಿದೆ.

"ಡಾಕ್ಟ್ರೇ, ಅಕ್ಕ ಬರೆದಿರೋದೆಲ್ಲ ಸರಿ ಇದೆ. ಆದ್ರೆ ಒಂದು ಗಿಡ ತೆಗೆದ್ರೆ ಸಾಲಲ್ಲ, ಎರಡು ತೆಗೀರಿ. ಈ ಎರಡು ವರ್ಷದಲ್ಲಿ ಅಕ್ಕ ಸ್ವಲ್ಪ ದಪ್ಪ ಆಗಿದಾರೆ, ಬೇಲಿ ಅಡ್ಡ ಇದ್ದಿದ್ರಿಂದ ನಂಗೆ ಗೊತ್ತೇ ಆಗಿರ್ಲಿಲ್ಲ. — ಓರಗಿತ್ತಿ"

ಮೇಲ್ಕಂಡ ಷರಾಕ್ಕೆ ಅರ್ಜಿದಾರಳ ತೀವ್ರ ಆಕ್ಷೇಪಣೆ ಇದೆ. ಆದಾಗ್ಯೂ ಗಿಡ ಎರಡು ತೆಗೆಯತಕ್ಕದ್ದು.